ಬೈಪಾಸ್ ಆಗಿ ಮೂರನೇ ರಾತ್ರಿ ಅಪ್ಪನಿಗೆ ತಲೆ ಗೊಂದಲ ಆಗದ ಹಾಗೆ ಎಂತ ಮಾಡ್ಬಹುದು?

ಪ್ರಶ್ನೆ: ಸಿಸ್ಟರ್, ನಮ್ಮದು ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಅಪ್ಪನಿಗೆ 73, ಅಡಿಕೆ ತೋಟ ಉಂಟು. ಮುಂದಿನ ತಿಂಗಳು ಮಂಗಳೂರಲ್ಲಿ ಬೈಪಾಸ್‌ಗೆ ಡೇಟ್ ಕೊಟ್ಟಿದ್ದಾರೆ. ಎರಡು ವರ್ಷ ಹಿಂದೆ ಸೋದರಮಾವನಿಗೆ ಇದೇ ಆಪರೇಷನ್ ಆಗಿತ್ತು, ಎಲ್ಲ ಚೆನ್ನಾಗೇ ಆಯ್ತು ಅಂತ ಡಾಕ್ಟ್ರು ಹೇಳಿದ್ರು, ಮೂರನೇ ರಾತ್ರಿ ನೋಡಿದ್ರೆ ಡ್ರಿಪ್ಪೆಲ್ಲ ಎಳೆದು ಹಾಕಿ "ಮಾಡಿನ ಮೇಲೆ ಯಾರೋ ಮದ್ದು ಬಿಡ್ತಿದ್ದಾರೆ, ಇಳಿಸಿ" ಅಂತ ಬೊಬ್ಬೆ. ಕೈ ಕಟ್ಟಿ ಹಾಕಿದ್ರು. ಐದು ದಿನಕ್ಕೆ ಸರಿಯಾದ್ರು, ಆದ್ರೆ ಅತ್ತೆ ಈಗಲೂ ಅನಸ್ತೇಷಿಯ ಹೆಚ್ಚಾಗಿ ಮರ್ಲು (ಹುಚ್ಚು) ಹಿಡಿದದ್ದು ಅಂತಾರೆ, ಊರಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಕೂಡ ಇಡ್ಸಿದ್ರು. ಅಪ್ಪನಿಗೆ ಕಿವಿ ಮಂದ, ಹಿಯರಿಂಗ್ ಏಡ್ ಉಂಟು, ಹಾಕುದು ಕಡಿಮೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಬೇಕೇ ಬೇಕು. ಕನ್ನಡ, ತುಳು ಬಿಟ್ರೆ ಮಲಯಾಳ ಬಸ್ಸಿಗೆ ಬೇಕಾದಷ್ಟೇ ಬರುದು. ಮಾತ್ರೆ ಇಂಜೆಕ್ಷನ್ ಇಲ್ಲದೆ ಇದನ್ನು ತಡೀಲಿಕ್ಕೆ ಆಗ್ತದಾ? ಮಾವನ ಕಥೆ ಅಪ್ಪನಿಗೆ ಹೇಳುದಾ ಬೇಡ್ವಾ?

ಉತ್ತರ: ಮೊದಲು ಅತ್ತೆಯ ವಿಷಯ ಮುಗಿಸುವ. ಮಾವನಿಗೆ ಆದದ್ದು ಮರ್ಲೂ ಅಲ್ಲ, ಕುಲೆ (ಪ್ರೇತ) ಮುಟ್ಟಿದ್ದೂ ಅಲ್ಲ. ಅದಕ್ಕೆ ಡೆಲಿರಿಯಂ ಅಂತಾರೆ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಮೆದುಳು ಕೆಲವು ದಿನ ತಾಳ ತಪ್ಪುದು, ಗಮನ ಒಂದು ಕಡೆ ನಿಲ್ಲುದಿಲ್ಲ, ಹಗಲು ರಾತ್ರಿ ಅದಲುಬದಲು, ಇಲ್ಲದ್ದು ಕಾಣ್ತದೆ, ಒಂದು ಗಂಟೆ ಸರಿ ಇದ್ದವರು ಇನ್ನೊಂದು ಗಂಟೆಗೆ ಬೇರೆ ಆಗ್ತಾರೆ. ವಯಸ್ಸಾದವರಿಗೆ ಹಾರ್ಟ್ ಸರ್ಜರಿ ಆದ್ರೆ ಐದು ಜನರಲ್ಲಿ ಒಬ್ಬರಿಗಾದ್ರೂ ಬರ್ತದೆ ಅಂತ ಇಟ್ಕೊಳ್ಳಿ, ಸರಿಯಾಗಿ ಹುಡುಕಿ ನೋಡುವ ಐಸಿಯುಗಳಲ್ಲಿ ಇನ್ನೂ ಹೆಚ್ಚು ಸಿಗ್ತದೆ. ಹೆಚ್ಚಾಗಿ ಎರಡನೇ, ಮೂರನೇ ದಿನವೇ. ಅದಕ್ಕೇ ಮನೆಯವರಿಗೆ ಅಷ್ಟು ಶಾಕ್ ಆಗುದು, ಆಪರೇಷನ್ ಪಾಸ್ ಅಂತ ಊರಿಗೆಲ್ಲ ಫೋನ್ ಮಾಡಿ ಆಗಿರ್ತದೆ.

ಅನಸ್ತೇಷಿಯದ ಮಾತಿಗೂ ಒಂದು ಉತ್ತರ ಉಂಟು. ತಲೆಗೆ ಮೆದುಳಿನ ಅಲೆ ನೋಡುವ ಪಟ್ಟಿ ಅಂಟಿಸಿ, ಅರಿವಳಿಕೆ ಎಷ್ಟು ಬೇಕೋ ಅಷ್ಟೇ ಕೊಟ್ರೆ ಡೆಲಿರಿಯಂ ಕಮ್ಮಿ ಆಗ್ತದಾ ಅಂತ ಕೆನಡಾದ ನಾಲ್ಕು ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಹಾರ್ಟ್ ಸರ್ಜರಿಯವರ ಮೇಲೆ ನೋಡಿದ್ರು, 2024ರಲ್ಲಿ ರಿಸಲ್ಟ್ ಬಂತು. ಎರಡೂ ಗುಂಪಲ್ಲಿ ನೂರಕ್ಕೆ 18. ಕೂದಲೆಳೆಯ ವ್ಯತ್ಯಾಸ ಕೂಡ ಇಲ್ಲ. ಹಾಗಾಗಿ ಅನಸ್ತೇಷಿಯ ಡಾಕ್ಟ್ರನ್ನು ಬೈದು ಪ್ರಯೋಜನ ಇಲ್ಲ ಅಂತ ಅತ್ತೆಗೆ ಹೇಳಿ, ಕೇಳುದಿಲ್ಲ ಅಂತ ನನಗೂ ಗೊತ್ತುಂಟು.

ಇನ್ನೊಂದು ತರದ ಡೆಲಿರಿಯಂ ಉಂಟು, ಅದನ್ನು ಯಾರೂ ಗಮನಿಸುದೇ ಇಲ್ಲ. ಬೊಬ್ಬೆ ಇಲ್ಲ, ಎಳೆದಾಟ ಇಲ್ಲ, ಸುಮ್ಮನೆ ಬಿದ್ದುಕೊಂಡಿರ್ತಾರೆ, ಕೇಳಿದ್ದಕ್ಕೆ ಹೂಂ ಅಂತಾರೆ, ಊಟ ಬಾಯಲ್ಲೇ ಇಟ್ಕೊಂಡಿರ್ತಾರೆ. ಮನೆಯವರು "ಪಾಪ, ಒಳ್ಳೆ ನಿದ್ರೆ, ಎಬ್ಬಿಸ್ಬೇಡಿ" ಅಂತ ಖುಷಿಯಲ್ಲಿರ್ತಾರೆ. ವಯಸ್ಸಾದವರಲ್ಲಿ ಇದೇ ಹೆಚ್ಚು, ಬೊಬ್ಬೆ ಹಾಕುವವರಿಗಿಂತ ಇವರದ್ದೇ ಚಿಂತೆ, ಎಂತಕ್ಕೆ ಅಂದ್ರೆ ಏಳುದಿಲ್ಲ, ಕೆಮ್ಮುದಿಲ್ಲ, ಕಫ ಕಟ್ತದೆ. ನಿಮ್ಮ ಅಪ್ಪ ಮಾತುಗಾರರಾದ್ರೆ, ಎರಡನೇ ದಿನ ಮಾತೇ ಇಲ್ಲದೆ ಮೆತ್ತಗಾದ್ರೆ, ಅದನ್ನೂ ಸಿಸ್ಟರಿಗೆ ಹೇಳ್ಬೇಕು.

ನಾನು ಹಾರ್ಟ್ ಸರ್ಜರಿ ಐಸಿಯುನಲ್ಲಿ 19 ವರ್ಷ ಇದ್ದವಳು, ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡ್ತೇನೆ. ಅಷ್ಟು ವರ್ಷ ನೋಡಿ ನನಗೆ ಅನ್ನಿಸಿದ್ದು ಇಷ್ಟೇ. ಒಳಗೆ ಕರ್ಕೊಂಡು ಹೋಗುವ ಮನುಷ್ಯನ ಕನ್ನಡಕ ತೆಗೀತೇವೆ, ಕಿವಿಯದ್ದು ತೆಗೀತೇವೆ, ಹಲ್ಲಿನ ಸೆಟ್ ತೆಗೀತೇವೆ, ವಾಚು ತೆಗೀತೇವೆ, ಅವರ ಭಾಷೆ ತೆಗೀತೇವೆ, ರಾತ್ರಿಯನ್ನೂ ತೆಗೀತೇವೆ. ಆಮೇಲೆ ಚಾರ್ಟಲ್ಲಿ "ಪೇಷಂಟ್ ಕನ್‌ಫ್ಯೂಸ್ಡ್" ಅಂತ ಬರೀತೇವೆ. ನೀವು ಕೇಳಿದ ಮಾತ್ರೆ ಇಲ್ಲದ ದಾರಿ ಅಂದ್ರೆ ಹೆಚ್ಚಿನಂಶ ಈ ತೆಗೆದದ್ದನ್ನು ಒಂದೊಂದಾಗಿ ವಾಪಸ್ ಕೊಡುದು.

ಇದು ಹೊಸ ವಿಷಯ ಏನಲ್ಲ. ಹಾರ್ಟ್-ಲಂಗ್ ಮೆಷಿನ್ ಬಂದು ಹೆಚ್ಚು ವರ್ಷ ಆಗಿರ್ಲಿಲ್ಲ, 1965ರಲ್ಲೇ ಅಮೆರಿಕದ ಡಾಕ್ಟ್ರುಗಳು ಓಪನ್ ಹಾರ್ಟ್ ಆದವರು ಕೆಲವು ದಿನ ಚೆನ್ನಾಗಿದ್ದು ಆಮೇಲೆ ಇಲ್ಲದ್ದೆಲ್ಲ ಕಾಣ್ತಾರೆ ಅಂತ ಬರೆದಿಟ್ಟು, ನಿದ್ರೆ ಇಲ್ಲದ್ದು, ಒಂದೇ ಸಮ ಮೆಷಿನ್ ಶಬ್ದ, ಕದಲದೆ ಬಿದ್ದಿರುದು ಇದಕ್ಕೆಲ್ಲ ಬೆರಳು ತೋರಿಸಿದ್ದರು. ಆದ್ರೆ ತಡೆಯುವ ಕೆಲಸವನ್ನು ಒಂದು ಪದ್ಧತಿಯಾಗಿ ಮಾಡಿ ತೋರಿಸಿದ್ದು ಯೇಲ್ ಯೂನಿವರ್ಸಿಟಿಯ ಶರೋನ್ ಇನೌಯೆ ಅಂತ ಡಾಕ್ಟ್ರು. 70 ದಾಟಿದ 852 ಪೇಷಂಟುಗಳು, ಅರ್ಧ ಜನಕ್ಕೆ ಮಾಮೂಲಿ ಆರೈಕೆ, ಉಳಿದವರಿಗೆ ದಿನಾ ಯಾರಾದ್ರೂ ಬಂದು ಎಲ್ಲಿದ್ದೀರಿ, ಇವತ್ತು ಯಾವ ವಾರ ಅಂತ ಮಾತಾಡಿಸುದು, ಕನ್ನಡಕ ಕಿವಿ ಹಾಕಿಸುದು, ನಡೆಸುದು, ನೀರು ಕುಡಿಸುದು, ರಾತ್ರಿ ನಿದ್ರೆ ಮಾತ್ರೆಯ ಬದಲು ಬಿಸಿ ಹಾಲು, ಬೆನ್ನು ತಿಕ್ಕುದು. ಅಷ್ಟೇ. ಮಾಮೂಲಿ ಗುಂಪಲ್ಲಿ ನೂರಕ್ಕೆ 15 ಜನಕ್ಕೆ ಡೆಲಿರಿಯಂ ಬಂತು, ಇವರಲ್ಲಿ 10ಕ್ಕೆ ಇಳಿಯಿತು. 1999ರ ಮಾತು ಇದು. ಅವರು ಹಾರ್ಟ್ ಆಪರೇಷನ್ ಆದವರಲ್ಲ, ಸಾಮಾನ್ಯ ವಾರ್ಡಿನವರು, ಹಾಗಾಗಿ ಆ ಲೆಕ್ಕವನ್ನು ಹಾಗೇ ಎತ್ತಿ ನಿಮ್ಮ ಅಪ್ಪನ ಮೇಲೆ ಇಡ್ಲಿಕ್ಕೆ ಆಗುದಿಲ್ಲ. ಹಾರ್ಟ್ ಐಸಿಯುನಲ್ಲಿ ಇಂಥದ್ದನ್ನು ಮಾಡಿ ನೋಡಿದ ಸ್ಟಡಿಗಳು ಹೆಚ್ಚಿನವು ಸಣ್ಣ ಸಣ್ಣವು. ಆದ್ರೆ ಇದರಲ್ಲಿ ಯಾವುದಕ್ಕೂ ಸೈಡ್ ಎಫೆಕ್ಟ್ ಇಲ್ಲ ಮಾರಾಯ್ರೆ, ಬಿಸಿ ಹಾಲಿಗೆ ಮಾತ್ರ ಶುಗರ್ ಇದ್ರೆ ಸಕ್ಕರೆ ಹಾಕ್ಬೇಡಿ.

ಒಂದೇ ಒಂದು ಉಪಾಯ ಹಿಡ್ಕೊಂಡು ಹೋದ್ರೆ ಇದು ಬಗ್ಗುದಿಲ್ಲ. ಬ್ರೆಜಿಲ್‌ನ 36 ಐಸಿಯುಗಳಲ್ಲಿ ಮನೆಯವರನ್ನು ದಿನಕ್ಕೆ 12 ಗಂಟೆವರೆಗೆ ಒಳಗೆ ಕೂರ್ಲಿಕ್ಕೆ ಬಿಟ್ಟು ನೋಡಿದ್ರು, 2019ರಲ್ಲಿ ಬಂದ ಲೆಕ್ಕ, ಡೆಲಿರಿಯಂ ನೂರಕ್ಕೆ 20 ಇದ್ದದ್ದು 19 ಆಯ್ತು, ಅಂದ್ರೆ ಏನೂ ಆಗ್ಲಿಲ್ಲ ಅಂತಲೇ ಅರ್ಥ. ಮನೆಯವರ ಗಾಬರಿ ಮಾತ್ರ ಕಡಿಮೆ ಆಯ್ತು, ಅದೇನೂ ಸಣ್ಣದಲ್ಲ. ಹಾಗೇ ನೆದರ್‌ಲ್ಯಾಂಡ್ಸಲ್ಲಿ ಹಗಲು ಬೆಳಕಿನ ಹಾಗೆ ಬದಲಾಗುವ ದೊಡ್ಡ ಲೈಟು ಹಾಕಿ ನೋಡಿದ್ರು, ಅದೂ ಇಲ್ಲ. ಇದನ್ನೆಲ್ಲ ಹೇಳುದು ಎಂತಕ್ಕೆ ಅಂದ್ರೆ "ಅಪ್ಪನ ಹತ್ತಿರ ಕೂತಿದ್ರೆ ಸಾಕು" ಅಂತ ನೀವು ಆಸ್ಪತ್ರೆಯಲ್ಲಿ ಪಾಸಿಗೆ ಜಗಳ ಮಾಡ್ಬಾರ್ದು. ಕೂತು ಎಂತ ಮಾಡ್ತೀರಿ ಅನ್ನುದು ಮುಖ್ಯ.

ಈಗ ನಿಮ್ಮ ಕೈಲಿ ಒಂದು ತಿಂಗಳು ಉಂಟು. ಇದು ದೊಡ್ಡ ಆಸ್ತಿ, ಹೆಚ್ಚಿನವರಿಗೆ ಸಿಗುದಿಲ್ಲ.

ಕಿವಿ. ನಾಳೆಯೇ ಕಿವಿ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗಿ ಗುಗ್ಗೆ ತೆಗೆಸಿ, ಅರ್ಧ ಕಿವುಡು ಅಲ್ಲೇ ಹೋಗುವವರನ್ನು ನೋಡಿದ್ದೇನೆ. ಆಮೇಲೆ ಹಿಯರಿಂಗ್ ಏಡ್ ಅನ್ನು ದಿನಾ ಹಾಕಿಸಿ, ಹೊಸತರಲ್ಲಿ ಕಿರಿಕಿರಿ ಆಗ್ತದೆ ಅಂತ ತೆಗೆದಿಟ್ಟವರು ಐಸಿಯುನಲ್ಲಿ ಮೊದಲ ಸಲ ಹಾಕಿದ್ರೆ ಎಲ್ಲ ಮೆಷಿನೂ ಒಟ್ಟಿಗೆ ಕಿವಿಯೊಳಗೆ ಕೂಗಿದ ಹಾಗೆ ಆಗ್ತದೆ. ಮನೆಯಲ್ಲೇ ಅಭ್ಯಾಸ ಆಗ್ಬೇಕು. ಕನ್ನಡಕದ ನಂಬರ್ ಹಳೇದಾಗಿದ್ರೆ ಬದಲಿಸಿ.

ಹೊಗೆಸೊಪ್ಪು. ನಮ್ಮ ಕಡೆ ಎಲೆ ತಟ್ಟೆ ಇಲ್ಲದ ಮನೆ ಉಂಟಾ. ಹದಿನೈದನೇ ವಯಸ್ಸಿಂದ ಬಾಯಲ್ಲಿ ಹೊಗೆಸೊಪ್ಪು ಇದ್ದವರಿಗೆ ಅಡ್ಮಿಟ್ ಆದ ದಿನ ಒಮ್ಮೆಲೇ ಬಂದ್ ಆದ್ರೆ, ಅದರ ಚಡಪಡಿಕೆ ಸರೀ ಆಪರೇಷನಿನ ಮೊದಲ ದಿನಗಳಲ್ಲೇ ಏರ್ತದೆ. ಈಗಲೇ ಡಾಕ್ಟ್ರ ಹತ್ತಿರ ಹೇಳಿ ಬಿಡ್ಲಿಕ್ಕೆ ಶುರು ಮಾಡಿ, ಗಾಯ ಒಣಗ್ಲಿಕ್ಕೂ ಒಳ್ಳೇದು. ಕುಡಿಯುವ ಅಭ್ಯಾಸ ಉಂಟಾ ಅಂತ ನೀವು ಬರೀಲಿಲ್ಲ. ಇದ್ರೆ ಮುಚ್ಚಿಡ್ಬೇಡಿ. ಡಾಕ್ಟ್ರು ಕೇಳುವಾಗ ಮನೆಯವರು "ಯಾವಾಗಾದ್ರೂ ಮದುವೆ ಮುಂಜಿಗೆ ಒಂದು ಸ್ವಲ್ಪ" ಅಂತಾರೆ, ಮೂರನೇ ದಿನ ಕೈ ನಡುಗಿ ಮೈ ಬೆವತು ಮಂಚ ಹಾರುವಾಗ ಮಗ ಬಂದು ಕಿವಿಯಲ್ಲಿ "ದಿನಾ ಸಂಜೆ ಒಂದು ಕ್ವಾರ್ಟರ್ ಇತ್ತು ಸಿಸ್ಟರ್" ಅಂತ ಹೇಳುದು. ಅದು ಬೇರೆಯೇ ತರದ ಡೆಲಿರಿಯಂ, ಅಪಾಯದ್ದು, ಅದಕ್ಕೆ ಮದ್ದು ಬೇಕೇ ಬೇಕು. ದಿನಾ ಕುಡಿಯುವವರು ಮನೆಯಲ್ಲಿ ತಾವಾಗಿ ಒಮ್ಮೆಲೇ ನಿಲ್ಲಿಸುದೂ ಬೇಡ, ಡಾಕ್ಟ್ರಿಗೆ ಹೇಳಿಯೇ.

ಹಾಗೇ ಮನೆಯಲ್ಲಿರುವ ಮಾತ್ರೆ ಎಲ್ಲ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ ತೋರಿಸಿ. ನಿದ್ರೆ ಬರುದಿಲ್ಲ ಅಂತ ಯಾವಾಗಲೋ ಬರೆದುಕೊಟ್ಟ ಅಲ್ಪ್ರಾಜೋಲಾಮ್ ವರ್ಷಗಟ್ಟಲೆ ನುಂಗುವವರು ಎಷ್ಟೋ ಮಂದಿ ಇದ್ದಾರೆ. ನೆಗಡಿ ಮಾತ್ರೆ, ಕೆಮ್ಮಿನ ಸಿರಪ್, ಕೆಲವು ತುರಿಕೆ ಮಾತ್ರೆ ಕೂಡ ವಯಸ್ಸಾದವರ ತಲೆ ಮಂಕು ಮಾಡ್ತದೆ. ಯಾವುದನ್ನು ಬಿಡ್ಬೇಕು ಯಾವುದನ್ನು ಮೆಲ್ಲ ಇಳಿಸ್ಬೇಕು ಅಂತ ಅವರೇ ಹೇಳ್ತಾರೆ. ಮತ್ತೆ ಐಸಿಯು ಹೊರಗೆ ಕೂತು "ಅಪ್ಪನಿಗೆ ನಿದ್ರೆ ಇಲ್ಲ, ಮನೆಯ ಮಾತ್ರೆ ಒಂದು ಕೊಡುವ" ಅಂತ ಮಾತ್ರ ಮಾಡ್ಬೇಡಿ, ನಿಜವಾಗಿ ಮಾಡಿದವರಿದ್ದಾರೆ.

ನಡಿಗೆ ಡಾಕ್ಟ್ರು ಹೇಳಿದಷ್ಟು. ಮೂರು ಬಾಲಿನ ಊದುವ ಮೆಷಿನ್ ಕೊಟ್ಟಿರ್ತಾರೆ, ಊದುದು ಅಂತ ಹೆಸರು ಅಷ್ಟೇ, ಅದರಲ್ಲಿ ಉಸಿರು ಒಳಗೆ ಎಳೀಬೇಕು, ಈಗಲೇ ಕಲಿಸಿ.

ಇನ್ನು ಅಪ್ಪನಿಗೆ ಒಳಗೆ ಹೇಗಿರ್ತದೆ ಅಂತ ಹೇಳುದು. ಎಚ್ಚರ ಆಗುವಾಗ ಬಾಯಲ್ಲಿ ನಳಿಗೆ ಇರ್ತದೆ, ಮಾತು ಬರುದಿಲ್ಲ, ಅದು ತೆಗೆದ ಮೇಲೆ ಬರ್ತದೆ. ಕುತ್ತಿಗೆಯಲ್ಲಿ ಸೂಜಿ, ಎದೆಯಿಂದ ಎರಡು ಪೈಪ್, ಮೂತ್ರಕ್ಕೆ ಪೈಪ್, ಆ ಪೈಪಿಂದ ಮೂತ್ರಕ್ಕೆ ಅವಸರ ಆದ ಹಾಗೆ ಆಗ್ತದೆ ಆದ್ರೆ ಏಳ್ಬೇಕಾಗಿಲ್ಲ. ಈ ಕೊನೇದನ್ನು ಯಾರೂ ಹೇಳುದಿಲ್ಲ, ರಾತ್ರಿ ಮಂಚದಿಂದ ಇಳೀಲಿಕ್ಕೆ ನೋಡುವ ಅಜ್ಜಂದಿರಲ್ಲಿ ಎಷ್ಟೋ ಜನ ಮೂತ್ರಕ್ಕೆ ಹೋಗ್ಲಿಕ್ಕೇ ಹೊರಟದ್ದು. ಮೆಷಿನ್ ಕೂಗಿದ್ರೆ ಪ್ರತಿ ಸಲ ಅಪಾಯ ಅಂತಲ್ಲ. ನೋವಿಗೆ ಒಂದು ಸನ್ನೆ, ನೀರಿಗೆ ಒಂದು ಸನ್ನೆ, ಉಸಿರಿಗೆ ಒಂದು ಸನ್ನೆ ಈಗಲೇ ಮಾತಾಡಿ ಇಟ್ಕೊಳ್ಳಿ. ನಮ್ಮವರು ನೋವು ಹೇಳುದು ಮರ್ಯಾದೆ ಕಡಿಮೆ ಅಂತ ಹಲ್ಲು ಕಚ್ಚಿ ಸಹಿಸ್ತಾರೆ. ನೋವು ಸಹಿಸಿದ್ರೆ ನಿದ್ರೆ ಇಲ್ಲ, ಕೆಮ್ಮಲಿಕ್ಕೆ ಆಗುದಿಲ್ಲ, ಎರಡೂ ಡೆಲಿರಿಯಂಗೆ ಬಾಗಿಲು ತೆಗೆದು ಕೊಟ್ಟ ಹಾಗೆ. ಹತ್ತರಲ್ಲಿ ಎಷ್ಟು ನೋವು ಅಂತ ಕೇಳ್ತಾರೆ, ಸುಮ್ಮನೆ ತಲೆ ಆಡಿಸದೆ ನಂಬರ್ ಹೇಳ್ಬೇಕು ಅಂತ ಅಪ್ಪನಿಗೆ ಒಪ್ಪಿಸಿ.

ಇನ್ನು ಭಾಷೆ. ಇದು ನಮ್ಮ ಊರಿನವರದ್ದೇ ತಲೆಬಿಸಿ, ಬೆಂಗಳೂರಿನವರಿಗೆ ಅರ್ಥ ಆಗ್ಲಿಕ್ಕಿಲ್ಲ. ಕಾಸರಗೋಡಿನ ಕನ್ನಡದವರು ತಿರುವನಂತಪುರಕ್ಕೋ ಕಣ್ಣೂರಿನ ಪರಿಯಾರಂ ಮೆಡಿಕಲ್ ಕಾಲೇಜಿಗೋ ಹೋದ್ರೆ ಸುತ್ತ ಮಲಯಾಳ, ಮಂಗಳೂರಿಗೆ ಹೋದ್ರೆ ಅಲ್ಲೂ ಐಸಿಯು ನರ್ಸ್ ಮಕ್ಕಳಲ್ಲಿ ಎಷ್ಟೋ ಮಂದಿ ಕೇರಳದವರೇ. ಒಳ್ಳೆ ಮಕ್ಕಳು, ನಾನು ಕೆಲಸ ಕಲಿಸಿದವರೇ, ಕೈ ಚುರುಕು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದವರಿಗೆ ಐಸಿಯು ಅಂತ ಒಂದು ಬರ್ತದೆ ಅಂತ ಗೊತ್ತಿರ್ಲಿಲ್ಲ, ಬಿಡಿ.

ಒಂದು ರಾತ್ರಿಯದ್ದು ಹೇಳ್ತೇನೆ. ನಾಲ್ಕನೇ ಬೆಡ್, ಬದಿಯಡ್ಕ ಕಡೆಯ ಅಜ್ಜ, ವಾಲ್ವ್ ಆಪರೇಷನ್ ಆಗಿ ಎರಡನೇ ರಾತ್ರಿ. ಎರಡೂ ಕಾಲು ಗಂಟೆ ಆಗಿರ್ಬಹುದು. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿರ್ತೇವಲ್ಲ, ಅದನ್ನು ಕಿತ್ತು ಬಿಸಾಡ್ತಾರೆ, ಅಲಾರಾಂ ಕೂಗ್ತದೆ, ಹುಡುಗಿ ಬಂದು ಪುನಃ ಹಾಕ್ತಾಳೆ, ಪುನಃ ಕೀಳ್ತಾರೆ. ನಾಲ್ಕನೇ ಸಲಕ್ಕೆ ಅವಳು ಕೈ ಕಟ್ಲಿಕ್ಕೆ ಗಾಜ್ ಬ್ಯಾಂಡೇಜ್ ತಂದಿದ್ದಳು. "ಅಚ್ಛಾ, ಎಂದಾ ವೇಣ್ಡೆ?" ಅಂತ ಕೇಳ್ತಾಳೆ, ಎಂತ ಬೇಕು ಅಂತ. ಅಜ್ಜನಿಗೆ ಕೇಳಿದ್ದು ಅರ್ಧ, ಅದರಲ್ಲಿ ಬೇಡ ಅನ್ನುವ ಹಾಗೆ ಏನೋ, "ಬೇಡ ಬೇಡ" ಅಂತ ಇನ್ನೂ ಜೋರಾಗಿ ಎಳೀತಾರೆ. ನಾನು ಆಚೆ ಬದಿಯಿಂದ ಬಂದು "ಅಜ್ಜೆರೆ, ದಾನೆ ಆಪುಂಡು?" ಅಂತ ಕೇಳಿದೆ. ಬೆರಳು ನನ್ನ ಮುಖದ ಹತ್ತಿರ ತಂದು ತೋರಿಸಿದ್ರು. ಕ್ಲಿಪ್ಪಿನೊಳಗೆ ಕೆಂಪು ಲೈಟ್ ಉಂಟಲ್ಲ, ಕನ್ನಡಕ ಇಲ್ಲದ ಕಣ್ಣಿಗೆ ಅದು ಕೆಂಡ. ಬೆರಳಿಗೆ ಕೆಂಡ ಅಂಟಿದೆ, ತೆಗೀರಿ ಅಂದ್ರೆ ಪುನಃ ಪುನಃ ತಂದು ಇಡ್ತಿದ್ದಾರೆ ಅಂತ ಅವರ ದೂರು. ಕೆಂಡ ಅಂಟಿದ್ರೆ ನೀವಾದ್ರೂ ಕೊಡವುದಿಲ್ವಾ? ಕ್ಲಿಪ್ಪನ್ನು ಕಾಲಿನ ಬೆರಳಿಗೆ ಬದಲಿಸಿ ಹೊದಿಕೆ ಎಳೆದೆ. ಹೊರಗೆ ಚಾಪೆ ಹಾಕಿ ಮಲಗಿದ್ದ ಮಗನನ್ನು ಎಬ್ಬಿಸಿದ್ರೆ ಕನ್ನಡಕವೂ ಕಿವಿಯದ್ದೂ ಮುಂಡಿನ ಚೀಲದ ಅಡಿಯಲ್ಲಿ, ಕಳೆದು ಹೋಗ್ತದೆ ಅಂತ ಜೋಪಾನ ಮಾಡಿದ್ದು. ಅದು ಹಾಕಿದ ಕೂಡಲೇ ಅಜ್ಜ ಸರಿಯಾದ್ರು ಅಂತ ಸಿನಿಮಾ ಹಾಗೆ ಹೇಳುದಿಲ್ಲ, ಮರುದಿನ ಸಂಜೆವರೆಗೂ ಆಗಾಗ ತಪ್ಪುತ್ತಿತ್ತು. ಆದ್ರೆ ಕೈ ಕಟ್ಟಬೇಕಾಗ್ಲಿಲ್ಲ. ಕಟ್ಟಿದ್ರೆ ಗೊಂದಲ ಹೆಚ್ಚಾಗುದೇ ಜಾಸ್ತಿ, ನಿಮ್ಮ ಮಾವನಿಗೂ ಹಾಗೇ ಆಗಿರ್ಲಿಕ್ಕೆ ಸಾಕು.

ಡೆಲಿರಿಯಂ ಉಂಟಾ ಅಂತ ನೋಡುವ ಟೆಸ್ಟಿನಲ್ಲೂ ಇದೇ ಕಥೆ. ಐಸಿಯುನಲ್ಲಿ ಮಾಡುವ ಒಂದು ಟೆಸ್ಟಲ್ಲಿ ನರ್ಸ್ ಹತ್ತು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳ್ತಾಳೆ, ಎ ಬಂದಾಗ ಮಾತ್ರ ಪೇಷಂಟ್ ಅವಳ ಕೈ ಅಮುಕಬೇಕು. ನಾಲ್ಕನೇ ಕ್ಲಾಸು ಕನ್ನಡ ಶಾಲೆಯಲ್ಲಿ ಓದಿ ತೋಟಕ್ಕಿಳಿದ ಮನುಷ್ಯನಿಗೆ, ಅದೂ ಕಿವಿ ಹಾಕದೆ, ಎ ಯಾವುದು ಎಚ್ ಯಾವುದು? ನಾನು ಕನ್ನಡ ಅಕ್ಷರದಲ್ಲೇ ಹೇಳಿ "ಅ ಬಂದಾಗ ಅಮುಕಿ" ಅಂತಿದ್ದೆ, ಎಷ್ಟೋ ಜನ ಪಾಸಾಗ್ತಿದ್ರು.

ಹಾಗಾಗಿ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಲ್ಯಾಮಿನೇಟ್ ಮಾಡಿಸಿ. ಒಂದು ಬದಿಯಲ್ಲಿ ಅಪ್ಪನಿಗೆ: ನೋವು, ನೀರು, ಉಸಿರು, ಚಳಿ, ಮೂತ್ರ, ಹೊರಳಬೇಕು, ಮಗಳು ಎಲ್ಲಿ, ಹೀಗೆ ಎಂಟೋ ಹತ್ತೋ, ಚಿತ್ರ ಇದ್ರೆ ಇನ್ನೂ ಒಳ್ಳೇದು, ಬೆರಳು ಇಟ್ಟು ತೋರಿಸ್ಬಹುದು. ಪ್ರತಿ ಕನ್ನಡ ಶಬ್ದದ ಅಡಿಯಲ್ಲಿ ಅದನ್ನೇ ಮಲಯಾಳ ಲಿಪಿಯಲ್ಲೂ ಇಂಗ್ಲಿಷಲ್ಲೂ ಬರೀರಿ, ಓದಿದ್ರೆ ಅವಳ ಬಾಯಿಂದ ಕನ್ನಡವೇ ಬರ್ಬೇಕು. ಇನ್ನೊಂದು ಬದಿಯಲ್ಲಿ ಸಿಸ್ಟರಿಗೆ: ಮನೆಯಲ್ಲಿ ಇವರನ್ನು ಎಂತ ಅಂತ ಕರೀತಾರೆ, ಎಡಕಿವಿಗೆ ಮೆಷಿನ್ ಅಥವಾ ಬಲಕ್ಕೆ, ಕನ್ನಡಕ ಓದ್ಲಿಕ್ಕಾ ದೂರಕ್ಕಾ, ಮಲಗುದು ಎಷ್ಟು ಗಂಟೆಗೆ, ಕಾಫಿಯಾ ಚಾಯವಾ, ಎಂತ ಹೇಳಿದ್ರೆ ಸಮಾಧಾನ ಆಗ್ತಾರೆ. ಕೇರಳದ ಹುಡುಗಿ ಬಾಯಲ್ಲಿ ತಪ್ಪು ತಪ್ಪಾಗಿ "ಅಜ್ಜ, ಆಪರೇಷನ್ ಆಯ್ತು, ನೀವು ಮಂಗಳೂರಲ್ಲಿ ಇದ್ದೀರಿ" ಅಂತ ಬಂದ್ರೂ ಸಾಕು.

ಒಳಗೆ ಬಿಡುವ ಐದು ಹತ್ತು ನಿಮಿಷ ಹೇಗೆ ಉಪಯೋಗ ಮಾಡುದು? ಒಬ್ಬರು ಅಥವಾ ಇಬ್ಬರು, ದಿನಾ ಅದೇ ಮುಖ. ಕನ್ನಡಕ ಕಿವಿ ಹಾಕಿ ಉಂಟಾ ಅಂತ ಮೊದಲು ನೋಡಿ. ಎದುರು ನಿಂತು, ಕೈ ಹಿಡಿದು, ನೀವೇ ನಿಮ್ಮ ಹೆಸರು ಹೇಳಿ. "ನಾನು ಯಾರು ಹೇಳಿ ನೋಡುವ" ಅಂತ ಪರೀಕ್ಷೆ ಬೇಡ, ದೊಡ್ಡಮ್ಮ ಚಿಕ್ಕಮ್ಮ ಎಲ್ಲ ಬಂದು ಇದೇ ಕೇಳಿದ್ರೆ ಸರಿ ಇದ್ದವರೂ ತಪ್ಪಿ ಹೇಳ್ತಾರೆ. ದಿನ ಹೇಳುವಾಗ ಅವರ ತುಳು ತಿಂಗಳಿನ, ತೋಟದ ಲೆಕ್ಕದಲ್ಲಿ ಹೇಳಿ. ಆಗಸ್ಟ್ 5 ಅಂದ್ರೆ ಅವರಿಗೆ ಏನೂ ಹಿಡಿತ ಸಿಗುದಿಲ್ಲ, "ಆಟಿ ಮುಗೀಲಿಕ್ಕೆ ಹತ್ತು ಹನ್ನೆರಡು ದಿನ ಉಂಟು, ಮೊನ್ನೆ ಎರಡು ದಿನ ಮಳೆ ಬಿಟ್ಟಿತ್ತು, ಅಡಿಕೆಗೆ ಎರಡನೇ ಸಲದ ಮದ್ದು ಬಿಟ್ಟು ಆಯ್ತು, ಕೊಳೆ ರೋಗ ಇಲ್ಲ" ಅಂದ್ರೆ ಅವರು ಎಲ್ಲಿದ್ದಾರೆ ಯಾವ ಕಾಲದಲ್ಲಿದ್ದಾರೆ ಅಂತ ಒಮ್ಮೆಲೇ ಗೊತ್ತಾಗ್ತದೆ. ಆ ಮದ್ದಿಗೆ ಮೈಲುತುತ್ತು ಎಷ್ಟು ಕಿಲೋ ಹೋಯ್ತು ಅಂತ ಅವರೇ ತಿರುಗಿ ಕೇಳಿದ್ರೆ ನೀವು ಗೆದ್ದಿರಿ. ಆದ್ರೆ ಆಳಿಗೆ ಸಂಬಳ ಜಾಸ್ತಿ ಆಯ್ತು, ಮೋಟರ್ ಸುಟ್ಟು ಹೋಯ್ತು, ಅದೆಲ್ಲ ಆಮೇಲೆ. ಇಲ್ಲದ್ದು ಕಾಣ್ತದೆ ಅಂದ್ರೆ ವಾದ ಮಾಡ್ಬೇಡಿ, ಹೌದು ಅಂತ ಕೂಡ ಹೇಳ್ಬೇಡಿ, "ನನಗೆ ಕಾಣುದಿಲ್ಲ ಅಪ್ಪ, ನಿಮಗೆ ಹೆದರಿಕೆ ಆಗಿರ್ಬೇಕು, ನಾನು ಇದ್ದೇನೆ" ಅಂತ ಹೇಳಿ ಬೇರೆ ಮಾತಿಗೆ ತನ್ನಿ.

ನಿದ್ರೆಯ ವಿಷಯದಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳುದು ಉಂಟು. ನಾನು ಮೊದಲು ಕೆಲಸ ಮಾಡಿದ ಕಡೆ ಬೆಳಗ್ಗೆ ನಾಲ್ಕು ಗಂಟೆಗೆ ಸ್ಪಂಜ್ ಬಾತ್. ಏಳೂವರೆಗೆ ಡ್ಯೂಟಿ ಬಿಟ್ಟು ಕೊಡುವ ಮೊದಲು ಎಲ್ಲ ಪೇಷಂಟೂ ಕ್ಲೀನಾಗಿ ಇರ್ಬೇಕು ಅಂತ, ಲೈಟೆಲ್ಲ ಹಾಕಿ, ತಣ್ಣೀರು ಅಲ್ಲದಿದ್ರೂ ಬೆಚ್ಚಗೂ ಅಲ್ಲದ ನೀರಲ್ಲಿ ಆಗ ತಾನೇ ಕಣ್ಣು ಮುಚ್ಚಿದವರನ್ನು ಎಬ್ಬಿಸಿ ಒರೆಸ್ತಿದ್ದೆವು. ನಾಲ್ಕೂವರೆಗೆ ರಕ್ತ ತೆಗೀಲಿಕ್ಕೆ ಜನ. ವರ್ಷಗಟ್ಟಲೆ ಮಾಡಿದ್ದೇನೆ, ಯಾರಿಗಾಗಿ ಅಂತ ಕೇಳಿಕೊಂಡದ್ದು ಎಷ್ಟೋ ಸಮಯ ಆದ ಮೇಲೆ. ಡಬ್ಲ್ಯುಎಚ್‌ಒ 1999ರಲ್ಲೇ ಪೇಷಂಟುಗಳ ರೂಮಲ್ಲಿ ಶಬ್ದ 35 ಡೆಸಿಬೆಲ್ ಮೀರ್ಬಾರ್ದು ಅಂತ ಹೇಳಿದೆ, ಅದು ಪಿಸುಮಾತಿನ ಮಟ್ಟ. ಐಸಿಯುನಲ್ಲಿ ಒಂದು ಸ್ಟೀಲ್ ಟ್ರೇ ಬಿದ್ರೆ ಕತೆ ಮುಗೀತು. ಬೆಲ್ಜಿಯಮಿನ ಆಂಟ್‌ವರ್ಪಿನಲ್ಲಿ 136 ಜನರ ಮೇಲೆ ನೋಡಿದಾಗ ರಾತ್ರಿ ಕಿವಿಗೆ ಇಯರ್‌ಪ್ಲಗ್ ಹಾಕಿದವರಲ್ಲಿ, ಅದೂ ಮೊದಲ ರಾತ್ರಿಯಿಂದಲೇ ಹಾಕಿದ್ರೆ, ಸಣ್ಣ ಮಟ್ಟದ ಗೊಂದಲ ಕಡಿಮೆ ಇತ್ತು. ನಿಮ್ಮ ಅಪ್ಪನಿಗೆ ಪ್ಲಗ್ ಬೇಕಾಗಿಲ್ಲ, ರಾತ್ರಿ ಹಿಯರಿಂಗ್ ಏಡ್ ತೆಗೆದ್ರೆ ಅದೇ ಪ್ಲಗ್, ಕಿವಿ ಮಂದ ಇದ್ದವರಿಗೆ ಇದೊಂದು ಲಾಭ. ಬೆಳಗ್ಗೆ ಮೊದಲ ಕೆಲಸ ಪುನಃ ಹಾಕುದು, ಮರೀಬಾರ್ದು. ಕಣ್ಣಿಗೆ ಬಟ್ಟೆ ಪಟ್ಟಿ ಕೆಲವರಿಗೆ ಆಗ್ತದೆ, ಕೆಲವರಿಗೆ ಕಣ್ಣು ಕಟ್ಟಿದ ಹಾಗೆ ಆಗಿ ಹೆದರ್ತಾರೆ, ಮನೆಯಲ್ಲಿ ಒಂದು ರಾತ್ರಿ ಹಾಕಿ ನೋಡಿ.

ನೀವು ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಕೇಳ್ಬಹುದಾದದ್ದು, ಜಗಳದ ದನಿಯಲ್ಲಿ ಅಲ್ಲ: "ಅವಸರ ಇಲ್ಲದ ಕೆಲಸ ಆದ್ರೆ ರಾತ್ರಿ 11ರಿಂದ 5ರವರೆಗೆ ಎಬ್ಬಿಸದೆ ಇರ್ಲಿಕ್ಕೆ ಆಗ್ತದಾ, ಕಿಟಕಿ ಬದಿಯ ಬೆಡ್ ಖಾಲಿ ಉಂಟಾ, ಗೋಡೆ ಗಡಿಯಾರ ಕಾಣುವ ಹಾಗೆ ಮಂಚ ತಿರುಗಿಸ್ಬಹುದಾ". ಹೆಚ್ಚಿನವರು ಆದದ್ದು ಮಾಡ್ತಾರೆ. ಹಗಲು ಪೇಪರ್ ಓದುವ ಅಭ್ಯಾಸ ಇದ್ರೆ ಅವತ್ತಿನ ಕನ್ನಡ ಪೇಪರ್ ತೆಗೆದುಕೊಂಡು ಹೋಗಿ, ತಾರೀಕಿನ ಪುಟ ಮೇಲೆ ಬರುವ ಹಾಗೆ ಇಡಿ. ಹಾಡು ಕೇಳಿಸಿದ್ರೆ ಒಳ್ಳೇದಾ ಅಂತ ಎಲ್ಲರೂ ಕೇಳ್ತಾರೆ, ಡೆಲಿರಿಯಂ ತಡೀತದೆ ಅಂತ ಗಟ್ಟಿ ಪುರಾವೆ ಇಲ್ಲ, ಮನಸ್ಸಿಗೆ ಹಿತ ಆಗ್ತದೆ. ಆದ್ರೆ ಯಕ್ಷಗಾನ ಅಂತ ಹೇಳಿ ಚೆಂಡೆ ಜೋರಿನ ಯುದ್ಧ ಪ್ರಸಂಗ ಹಾಕ್ಬೇಡಿ ಮಾರಾಯ್ರೆ, ಪಕ್ಕದ ಬೆಡ್ಡಿನವರು ಏಳ್ತಾರೆ.

ಏಳಿಸಿ ಕೂರಿಸುದು, ನಡೆಸುದು ದೊಡ್ಡ ಮದ್ದು. ವೆಂಟಿಲೇಟರಿನಲ್ಲಿದ್ದ 104 ಜನರನ್ನು ಅಮೆರಿಕದಲ್ಲಿ ಬೇಗ ಬೇಗ ಕೂರಿಸಿ ನಿಲ್ಲಿಸಿ ನೋಡಿದಾಗ ಡೆಲಿರಿಯಂ ಇದ್ದ ದಿನಗಳು ನಾಲ್ಕರಿಂದ ಎರಡಕ್ಕೆ ಇಳಿದವು, 2009ರಲ್ಲಿ. ಅವರು ಹಾರ್ಟ್ ಆಪರೇಷನಿನವರಲ್ಲ, ಆದ್ರೆ ನಮ್ಮಲ್ಲೂ ಎಲ್ಲ ಸರಿ ಇದ್ರೆ ಮರುದಿನವೇ ಕುರ್ಚಿಗೆ ಕೂರಿಸ್ತಾರೆ. "ನಿನ್ನೆ ಎದೆ ಕೊಯ್ದದ್ದು, ಇವತ್ತು ಎಬ್ಬಿಸ್ತಾರಾ" ಅಂತ ಫಿಸಿಯೋದವರ ಮೇಲೆ ಸಿಟ್ಟು ಮಾಡ್ಬೇಡಿ. ಎದೆಯ ಎಲುಬನ್ನು ಸ್ಟೀಲ್ ತಂತಿಯಲ್ಲಿ ಕಟ್ಟಿರ್ತಾರೆ, ಕೂಡ್ಲಿಕ್ಕೆ 6ರಿಂದ 8 ವಾರ ಬೇಕು, ಅದಕ್ಕೆ ರಟ್ಟೆ ಹಿಡಿದು ಎಳೀಬಾರ್ದು, ಕೆಮ್ಮುವಾಗ ದಿಂಬು ಅಪ್ಪಿ ಹಿಡೀಬೇಕು. ಮೂತ್ರದ ಪೈಪ್, ಬೇಡದ ಲೈನ್ ಎಷ್ಟು ಬೇಗ ತೆಗೀತಾರೋ ಅಷ್ಟು ಒಳ್ಳೇದು, ದಿನಾ ಒಮ್ಮೆ ಕೇಳಿ. ಮೂರು ದಿನ ಕಕ್ಕಸಿಗೆ ಹೋಗ್ಲಿಲ್ಲ ಅಂದ್ರೆ ಹೇಳಿ, ನಗ್ಬೇಡಿ, ವಯಸ್ಸಾದವರಲ್ಲಿ ಅದೂ ತಲೆ ಕೆಡಿಸ್ತದೆ. ಹಲ್ಲಿನ ಸೆಟ್ ಕೊಟ್ರೆ ಊಟ ಸೇರ್ತದೆ. ನೀರು ಎಷ್ಟು ಅಂತ ಡಾಕ್ಟ್ರ ಲೆಕ್ಕ, ನಿಮ್ಮದಲ್ಲ.

ಇಷ್ಟೆಲ್ಲ ಮಾಡಿಯೂ ಬರ್ಬಹುದು. ಬಂದ್ರೆ ಅದು ನಿಮ್ಮ ತಪ್ಪಲ್ಲ, ಆದ್ರೆ "ವಯಸ್ಸಾಯ್ತಲ್ಲ, ಹೀಗೇ" ಅಂತ ಬಿಡುವ ಹಾಗೂ ಇಲ್ಲ. ಆಕ್ಸಿಜನ್ ಕಡಿಮೆಯಾ, ಸೋಡಿಯಂ, ಶುಗರ್ ಏರುಪೇರಾ, ಜ್ವರ ಇನ್ಫೆಕ್ಷನ್, ಮೂತ್ರ ಕಟ್ಟಿದೆಯಾ, ನೋವು ಉಂಟಾ ಅಂತ ಡಾಕ್ಟ್ರು ಕಾರಣ ಹುಡುಕ್ಬೇಕು. ಒಂದು ಬದಿ ಕೈಕಾಲು ಬಲ ಕಡಿಮೆ ಆದ್ರೆ, ಬಾಯಿ ವಾರೆ, ಮಾತು ತೊದಲು ಆದ್ರೆ ಅದು ಡೆಲಿರಿಯಂ ಅಂತ ಕಾಯ್ಬೇಡಿ, ಸ್ಟ್ರೋಕ್ ಇರ್ಬಹುದು, ಆ ನಿಮಿಷವೇ ಕರೀರಿ. ಮನೆಗೆ ಬಂದ ಮೇಲೂ ಕೆಲವರಿಗೆ ಒಂದೆರಡು ವಾರ ಸಂಜೆ ಹೊತ್ತಿಗೆ ಸ್ವಲ್ಪ ಮಂಕು ಇರ್ತದೆ. ಆ ಸಮಯದಲ್ಲಿ ಮಾತ್ರೆ ನೀವೇ ಕೊಡಿ, ಸ್ಕೂಟರ್ ಕೀ ನಿಮ್ಮ ಹತ್ತಿರ ಇರ್ಲಿ, ಜಾಗದ ಕಾಗದಕ್ಕೆ ಸಹಿ ಹಾಕಿಸುವ ಅವಸರ ಯಾರಿಗಾದ್ರೂ ಇದ್ರೆ ಅವರಿಗೆ ಚಾಯ ಕೊಟ್ಟು ಕಳಿಸಿ. ನೋಡ್ಲಿಕ್ಕೆ ಬರುವವರ ಜಾತ್ರೆ ಒಂದು ವಾರ ಮುಂದೂಡಿ, ಮಧ್ಯಾಹ್ನ ನಿದ್ರೆ ಅರ್ಧ ಗಂಟೆಗೆ ನಿಲ್ಲಿಸಿ.

ಮಾವನ ಕಥೆ ಹೇಳುದಾ ಅಂತ ಕೇಳಿದ್ರಿ. ಹೇಳಿ, ಆದ್ರೆ ನೀವಲ್ಲ, ಮಾವನೇ ಬಂದು ಹೇಳ್ಲಿ. ಕೆಲವರಿಗೆ ಆಗ ಕಂಡದ್ದು ನೆನಪಿರ್ತದೆ, ಹೇಳ್ಲಿಕ್ಕೆ ನಾಚಿಕೆ ಆಗಿ ಒಳಗೇ ಇಟ್ಕೊಂಡಿರ್ತಾರೆ. ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿ ಒಂದು ಚಾಯ ಕೊಡಿ, ಮಾಡಿನ ಮೇಲೆ ಮದ್ದು ಬಿಟ್ಟವ ಯಾರು ಅಂತ ಅಪ್ಪನೇ ಕೇಳಿ ನಗ್ಲಿ. "ಹಾಗೆ ಏನಾದ್ರೂ ಕಂಡ್ರೆ ನಿಜ ಅಂತ ಏಳ್ಬೇಡ ಭಾವ, ಸಿಸ್ಟರನ್ನು ಕರಿ" ಅಂತ ಮಾವನ ಬಾಯಲ್ಲಿ ಬಂದ್ರೆ ನಾನೋ ಡಾಕ್ಟ್ರೋ ಹೇಳಿದ್ದಕ್ಕಿಂತ ಹೆಚ್ಚು ನಿಲ್ತದೆ. ಹೇಳಿ ಹೆದರಿಸಿದ ಹಾಗೆ ಆಗ್ತದೆ ಅಂತ ಅತ್ತೆ ಬೇಡ ಅನ್ನಬಹುದು, ಗೊತ್ತಿಲ್ಲದೆ ರಾತ್ರಿ ಒಬ್ಬರೇ ಹೆದರುದು ಇನ್ನೂ ಕಷ್ಟ.

ಮತ್ತೆ ಇವತ್ತೇ ಒಂದು ಕೆಲಸ ಮಾಡಿ, ಹಿಯರಿಂಗ್ ಏಡ್ ಬಿಚ್ಚಿ ಬ್ಯಾಟರಿ ನಂಬರ್ ನೋಡಿ. 13 ಆದ್ರೆ ಸ್ಟಿಕ್ಕರ್ ಕಿತ್ತಳೆ ಬಣ್ಣ, 312 ಆದ್ರೆ ಕಂದು. ಎರಡು ಪಟ್ಟಿ ತಂದಿಡಿ, ಆಸ್ಪತ್ರೆಯ ಹತ್ತಿರದ ಮೆಡಿಕಲ್‌ನಲ್ಲಿ ರಾತ್ರಿ ಹೊತ್ತು ಸಿಗ್ತದೆ ಅಂತ ನಂಬಿ ಕೂರ್ಬೇಡಿ. ಕನ್ನಡಕ, ಕಿವಿ, ಹಲ್ಲು ಮೂರನ್ನೂ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೇಲೆ ಅಪ್ಪನ ಹೆಸರು, ಬೆಡ್ ನಂಬರಿಗೆ ಜಾಗ ಬಿಟ್ಟು, ಅಳಿಸದ ಪೆನ್ನಲ್ಲಿ ಬರೀರಿ, ಅದನ್ನು ಚೀಲದ ಅಡಿಯಲ್ಲಿ ಇಡ್ಬೇಡಿ.